ಎಚ್ಚರ ತಪ್ಪಿದ ಆ ಅರೆನಿಮಿಷ

ಶೃಂಗೇರಿ ಸೀಮೆಯ ಯಾವುದಾದರೊಂದು ಒಂಟಿಮನೆಯಲ್ಲಿ ಬೆಳಗಿನ ಹೊತ್ತು ಎಚ್ಚರ ತಪ್ಪಿ ಬಿದ್ದವನನ್ನು ಮನೆಯವರು ಗಾಬರಿಯಿಂದ ಎತ್ತಿ, ನೆರೆಮನೆಯ ಜೀಪನ್ನು ಕರೆಸಿ, ತೋಟದ ಅಂಚಿನ ಮಣ್ಣುದಾರಿಯನ್ನೂ ಅನಂತರದ ಡಾಂಬರು ರಸ್ತೆಯನ್ನೂ ದಾಟಿ, ಕೊಪ್ಪದ ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸುವ ವೇಳೆಗೆ, ಅವನು ತನ್ನ ಕಾಲಮೇಲೆ ತಾನೇ ನಡೆದು ಒಳಹೋಗಿ, ವೈದ್ಯರ ಎದುರು ಕುಳಿತು, ತನಗೇನೂ ಆಗಿಲ್ಲವೆಂದೂ ಇವರೆಲ್ಲ ಸುಮ್ಮನೆ ಹೆದರಿ ಕರೆತಂದರೆಂದೂ ಹೇಳುವಷ್ಟು ಸ್ವಸ್ಥನಾಗಿರುತ್ತಾನೆ. ನಾಡಿ ಸಮವಾಗಿ ಬಡಿಯುತ್ತಿರುತ್ತದೆ, ರಕ್ತದ ಒತ್ತಡ ಇರಬೇಕಾದಷ್ಟೇ ಇರುತ್ತದೆ, ಇ.ಸಿ.ಜಿ. ತೆಗೆದರೂ ದೋಷವೇನೂ ಕಾಣದಿರುವುದುಂಟು. ಜ್ವರವೋ ಗಾಯವೋ ಆದರೆ ವೈದ್ಯನ ಕಣ್ಣೆದುರಿಗೆ ಬಂದು ನಿಲ್ಲುತ್ತದೆ; ಮೂರ್ಛೆಯಾದರೋ ವೈದ್ಯನು ನೋಡುವುದಕ್ಕೆ ಮೊದಲೇ ಬಂದು, ತಾನಾಗಿಯೇ ಹೊರಟುಹೋಗಿರುತ್ತದೆ. ಅದನ್ನು ಕಂಡವರು ಅಂಗಳದಲ್ಲಿ ಅಡಕೆ ಹರವುತ್ತಿದ್ದ ಹೆಂಡತಿ, ಕೊಟ್ಟಿಗೆಯಿಂದ ಓಡಿಬಂದ ಆಳು, ಪಕ್ಕದಲ್ಲಿ ನಿಂತಿದ್ದ ಮಗು. ಆದರೆ ಆಸ್ಪತ್ರೆಗೆ ಜೊತೆಯಲ್ಲಿ ಬರುವವನು ಸಾಮಾನ್ಯವಾಗಿ ಜೀಪು ಓಡಿಸಬಲ್ಲ ತಮ್ಮನೋ, ಹಣದ ವ್ಯವಹಾರ ನೋಡುವ ಅಣ್ಣನೋ ಆಗಿದ್ದು, ಬೀಳುವುದನ್ನು ಕಣ್ಣಾರೆ ಕಂಡ ಹೆಂಗಸು ಮನೆಯಲ್ಲಿಯೇ ಉಳಿದುಬಿಡುತ್ತಾಳೆ. ಹೀಗೆ ಈ ರೋಗದ ನಿದಾನಕ್ಕೆ ಬೇಕಾದ ಮುಖ್ಯ ಸಾಕ್ಷ್ಯವೇ ಮನೆಯಲ್ಲಿ ಉಳಿಯುತ್ತದೆ. ಎಚ್ಚರ ತಪ್ಪಿದವನ ಜೊತೆಗೆ, ಅವನು ಬಿದ್ದುದನ್ನು ಕಂಡವರೇ ಆಸ್ಪತ್ರೆಗೆ ಹೋಗಬೇಕೆಂಬುದು ಈ ಲೇಖನದ ಮುಖ್ಯ ಬಿನ್ನಹ. ಏಕೆಂಬುದನ್ನು ವಿವರಿಸುವುದಕ್ಕೆ ಮೂರ್ಛೆಯೆಂದರೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ.

ಮಿದುಳಿಗೆ ಹೋಗತಕ್ಕ ರಕ್ತಪ್ರವಾಹವು ಒಟ್ಟಾರೆಯಾಗಿ ಕ್ಷೀಣಿಸಿದುದರಿಂದ ಥಟ್ಟನೆ ಪ್ರಜ್ಞೆ ತಪ್ಪಿ, ಸ್ವಲ್ಪ ಹೊತ್ತಿನಲ್ಲಿಯೇ ಯಾವ ಔಷಧವೂ ಇಲ್ಲದೆ ಅದು ಸಂಪೂರ್ಣವಾಗಿ ಮರಳುವ ಸ್ಥಿತಿಗೆ ವೈದ್ಯಶಾಸ್ತ್ರವು ಮೂರ್ಛೆಯೆಂದು ಹೇಳುತ್ತದೆ. ಮಿದುಳಿಗೆ ರಕ್ತ ಹರಿಯುವುದು ಆರೆಂಟು ಸೆಕೆಂಡು ನಿಂತರೆ ಸಾಕು, ಮನುಷ್ಯನು ಎಚ್ಚರ ತಪ್ಪುತ್ತಾನೆ. ಮಲಗಿದ್ದವನು ಎದ್ದು ನಿಂತ ಕ್ಷಣವೇ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನವರೆಗಿನ ರಕ್ತವು ಹೊಟ್ಟೆಗೂ ಕಾಲುಗಳಿಗೂ ಇಳಿದುಹೋಗುತ್ತದೆ. ಆರೋಗ್ಯವಂತನಲ್ಲಿ ರಕ್ತನಾಳಗಳು ಕೂಡಲೇ ಬಿಗಿದುಕೊಂಡು, ಹೃದಯವು ಬಡಿತವನ್ನು ಕೊಂಚ ಹೆಚ್ಚಿಸಿ, ಈ ಕೊರತೆಯನ್ನು ಅವನ ಅರಿವಿಗೆ ಬಾರದಂತೆಯೇ ತುಂಬಿಕೊಡುತ್ತವೆ. ಗುಡ್ಡದ ಅಬ್ಬಿಯಿಂದ ದಬ್ಬೆಯಲ್ಲೋ ಪೈಪಿನಲ್ಲೋ ಮನೆಗೆ ನೀರು ತಂದುಕೊಂಡಿರುವ ಮಲೆನಾಡಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ: ನೀರಿನ ಒತ್ತು ಕುಗ್ಗಿದಾಗ ತಗ್ಗಿನ ಬಚ್ಚಲಿಗೆ ಇನ್ನೂ ನೀರು ಬರುತ್ತಿದ್ದರೂ, ಎಲ್ಲಕ್ಕಿಂತ ಎತ್ತರದಲ್ಲಿರುವ ನಲ್ಲಿಯೇ ಮೊದಲು ಬತ್ತುತ್ತದೆ. ನಿಂತ ಮನುಷ್ಯನ ದೇಹದಲ್ಲಿ ಆ ಎತ್ತರದ ಸ್ಥಾನ ಮಿದುಳಿನದು.

ನಮ್ಮ ಪ್ರಾಚೀನರು ಈ ವಿಷಯವನ್ನು ಸೂಕ್ಷ್ಮವಾಗಿ ಗಮನಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯವು ಪ್ರಜ್ಞಾಲೋಪವನ್ನು ಮದ, ಮೂರ್ಛೆ, ಸಂನ್ಯಾಸಗಳೆಂದು ವಿಂಗಡಿಸಿ, ಮೊದಲಿನೆರಡು ತಮ್ಮ ವೇಗ ತೀರಿದಮೇಲೆ ತಾವಾಗಿಯೇ ಶಮನ ಹೊಂದುತ್ತವೆಯೆಂದೂ, ಸಂನ್ಯಾಸವು ಔಷಧವಿಲ್ಲದೆ ಶಮನವಾಗದೆಂದೂ ಹೇಳುತ್ತದೆ. ಇಂದಿಗೂ ಮನೆಯವರು ಮಾಡಬೇಕಾದ ಮೊದಲ ವಿವೇಚನೆ ಇದೇ. ಬಿದ್ದವನು ಒಂದೆರಡು ನಿಮಿಷಗಳೊಳಗೆ ಕಣ್ಣು ತೆರೆದು ಹೆಸರು ಹಿಡಿದು ಮಾತನಾಡಿದರೆ ಅದು ಬಹುಮಟ್ಟಿಗೆ ಮೂರ್ಛೆ. ಹಾಗಲ್ಲದೆ ಎಚ್ಚರವಿಲ್ಲದಿರುವುದೇ ಮುಂದುವರಿದರೆ, ಅಥವಾ ಎಚ್ಚರವಾದಮೇಲೆಯೂ ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಕೈಕಾಲಿನಲ್ಲಿ ಸ್ವಾಧೀನವಿಲ್ಲದಿದ್ದರೆ, ಅದು ಪಾರ್ಶ್ವವಾಯುವೋ, ತಲೆಯೊಳಗಿನ ರಕ್ತಸ್ರಾವವೋ, ಸಕ್ಕರೆಕಾಯಿಲೆಯವನು ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದುದರ ಫಲವೋ ಆಗಿರಬಹುದಾದುದರಿಂದ, ಕ್ಷಣಮಾತ್ರವೂ ತಡಮಾಡದೆ ಹೊರಡತಕ್ಕದ್ದು.

ಮೂರ್ಛೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ನಿರಪಾಯಕರವಾದುದೂ ಹೌದು. ಸ್ವಾತಂತ್ರ್ಯೋತ್ಸವದ ದಿನ ಬೆಳಗ್ಗೆ ಏನೂ ತಿನ್ನದೆ ಬಂದು ಧ್ವಜದ ಮುಂದೆ ಸಾಲಾಗಿ ನಿಂತ ಹುಡುಗಿ, ನವರಾತ್ರಿಯಲ್ಲಿ ಶಾರದಾಂಬೆಯ ದರ್ಶನಕ್ಕೆ ಉಪವಾಸವಿದ್ದು ಸರದಿಯಲ್ಲಿ ಕಾದ ಗೃಹಿಣಿ, ಧಾರೆಯ ಮುಹೂರ್ತಕ್ಕೆ ಹೋಮದ ಹೊಗೆಯಲ್ಲಿ ಬಹಳ ಹೊತ್ತು ನಿಂತ ಮದುಮಗ, ರಕ್ತಪರೀಕ್ಷೆಗೆಂದು ಚಾಚಿದ ತನ್ನ ತೋಳಿಗೆ ಸೂಜಿ ಇಳಿಯುವುದನ್ನು ಕಂಡ ಗಟ್ಟಿಮುಟ್ಟಾದ ಯುವಕ, ಇವರೆಲ್ಲರಲ್ಲಿಯೂ ನಡೆಯುವುದು ಒಂದೇ: ಯಾವುದೋ ಪ್ರಚೋದನೆಗೆ ನರಮಂಡಲವು ತಪ್ಪಾಗಿ ಪ್ರತಿಕ್ರಿಯಿಸಿ, ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತವನ್ನು ನಿಧಾನಗೊಳಿಸುವುದಲ್ಲದೆ, ಬಿಗಿದುಕೊಳ್ಳಬೇಕಾಗಿದ್ದ ರಕ್ತನಾಳಗಳನ್ನು ಸಡಿಲಬಿಡುತ್ತದೆ. 1932ರಲ್ಲಿ ಬ್ರಿಟಿಷ್ ಹೃದಯವೈದ್ಯ ಸರ್ ಥಾಮಸ್ ಲೂಯಿಸ್ ಇದಕ್ಕೆ ನರ ಮತ್ತು ನಾಳ ಎರಡನ್ನೂ ಸೂಚಿಸುವ ‘ವೇಸೋವೇಗಲ್’ ಎಂಬ ಹೆಸರನ್ನಿತ್ತನು. ಸುಶ್ರುತಸಂಹಿತೆಯ ಉತ್ತರತಂತ್ರವು ಮೂರ್ಛೆಯನ್ನು ಕುರಿತ ಅಧ್ಯಾಯದಲ್ಲಿ ರಕ್ತದ ಗಂಧಮಾತ್ರದಿಂದ ಎಚ್ಚರ ತಪ್ಪುವವರನ್ನು ಬೇರೆಯಾಗಿಯೇ ಎಣಿಸಿದ್ದಿತು. ಇಂತಹ ಮೂರ್ಛೆಯು ಹೇಳದೆ ಕೇಳದೆ ಬರುವುದಿಲ್ಲ. ಆಕಳಿಕೆ, ತಣ್ಣನೆಯ ಬೆವರು, ಹೊಟ್ಟೆ ತೊಳಸುವುದು, ಕಿವಿ ಗುಂಯ್‌ಗುಡುವುದು, ಸುತ್ತಲಿನ ಮಾತು ದೂರದಿಂದ ಬಂದಂತೆ ಕೇಳುವುದು, ಕೊನೆಗೆ ಕಣ್ಣಿಗೆ ಕತ್ತಲೆ ಕವಿಯುವುದು, ಇವು ಒಂದರ ಹಿಂದೊಂದಾಗಿ ತೋರಿ, ಎಚ್ಚರಿಕೆಗೆ ಅವಕಾಶ ಕೊಡುತ್ತವೆ.

ಅಡಕೆಯ ಸೊಕ್ಕನ್ನು ಬಲ್ಲ ಮಲೆನಾಡಿಗನು ಈ ಲಕ್ಷಣಗಳನ್ನು ಓದಿದೊಡನೆ ಗುರುತಿಸಿಯಾನು. ಊಟದ ತರುವಾಯ ಎಲೆಯೊಳಗೆ ಹಸಿ ಅಡಕೆಯ ಹೋಳೊಂದು ಹೆಚ್ಚಾದರೆ, ರೂಢಿಯಿಲ್ಲದ ನೆಂಟನ ಎದೆ ಬಿಗಿದಂತಾಗಿ, ಮುಖ ಬಿಸಿಯೇರಿ, ಹಣೆಯಲ್ಲಿ ಬೆವರು ಹನಿಯೊಡೆದು, ಅವನು ಕಂಬಕ್ಕೊರಗಿ ಕುಳಿತುಬಿಡುತ್ತಾನೆ. ಮನೆಯ ಹಿರಿಯರು ನಗುತ್ತಲೇ ಅದನ್ನು ಉಗಿಸಿ, ತಣ್ಣೀರು ಕೊಟ್ಟು, ಜಗಲಿಯಲ್ಲಿ ಮಲಗಿಸುತ್ತಾರೆ. ಅಡಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತುವು ವೇಗಸ್ ನರವು ಮಾಡುವ ಕೆಲಸವನ್ನೇ ಅನುಕರಿಸುವುದು ಇದಕ್ಕೆ ಕಾರಣ. ಮಲಗಿಸುವ ಆ ಉಪಚಾರವು ಶಾಸ್ತ್ರಸಮ್ಮತವಾದುದು.

ಏಕೆಂದರೆ ಮೂರ್ಛೆ ಬಂದವನು ನೆಲಕ್ಕೊರಗುವುದೇ ಅವನ ದೇಹವು ತನಗೆ ತಾನು ಮಾಡಿಕೊಳ್ಳುವ ಚಿಕಿತ್ಸೆ. ಹೃದಯವೂ ಮಿದುಳೂ ಒಂದೇ ಮಟ್ಟಕ್ಕೆ ಬಂದೊಡನೆ ರಕ್ತವು ತಲೆಗೆ ಹರಿಯುತ್ತದೆ, ಪ್ರಜ್ಞೆ ಮರಳುತ್ತದೆ. ಆದರೆ ನಾವು ಮಾಡುವುದೇನು? ಬಿದ್ದವನನ್ನು ಇಬ್ಬರು ತೋಳುಹಿಡಿದೆತ್ತಿ, ಕುರ್ಚಿಯಲ್ಲಿ ನೆಟ್ಟಗೆ ಕುಳ್ಳಿರಿಸಿ, ತಲೆ ಜೋಲದಂತೆ ಹಿಂದಿನಿಂದ ಹಿಡಿದುಕೊಂಡು, ಇನ್ನೊಬ್ಬರು ಬಾಯಿಗೆ ನೀರು ಹೊಯ್ಯುತ್ತೇವೆ. ಇದಕ್ಕಿಂತ ಅಪಾಯಕರವಾದ ಉಪಚಾರ ಬೇರೊಂದಿಲ್ಲ. ಕುಳ್ಳಿರಿಸಿದುದರಿಂದ ಮಿದುಳಿಗೆ ರಕ್ತವು ತಲುಪದೆ ಅರೆನಿಮಿಷದ ಮೂರ್ಛೆ ದೀರ್ಘವಾಗುತ್ತದೆ. ಎಚ್ಚರವಿಲ್ಲದವನ ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕಿಳಿಯುತ್ತದೆ. ನಮ್ಮ ಕಾವ್ಯಗಳಲ್ಲಿ ಶೋಕದಿಂದ ಮೂರ್ಛಿತರಾದವರಿಗೆ ಪರಿಜನರು ಮಾಡುವ ಶೈತ್ಯೋಪಚಾರದಲ್ಲಿ ಮುಖಕ್ಕೆ ನೀರು ಚಿಮುಕಿಸುವುದು, ಗಾಳಿ ಬೀಸುವುದು ಮುಖ್ಯವೆಂಬುದನ್ನು ನೆನೆಯಬಹುದು. ಬಿದ್ದಲ್ಲಿಯೇ ಅಂಗಾತ ಮಲಗಿಸಿ, ಕಾಲುಗಳ ಕೆಳಗೆ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಇಟ್ಟು ಎತ್ತರಿಸಿ, ಕೊರಳಿನ ಗುಂಡಿ ಸಡಿಲಿಸಿ, ಸುತ್ತ ಕವಿದ ಜನವನ್ನು ಸರಿಸಿದರೆ ಸಾಕು. ಬಿಸಿಲಾದರೆ ನೆರಳು ಮಾಡಬೇಕು; ಪ್ರಸವವೇದನೆಯಿಂದ ಬಿಸಿಲಲ್ಲಿ ಬಳಲುತ್ತಿದ್ದ ಕಪ್ಪೆಗೆ ಸರ್ಪವು ಹೆಡೆಯೆತ್ತಿ ನೆರಳಿತ್ತುದನ್ನು ಶಂಕರಾಚಾರ್ಯರು ಕಂಡರೆಂಬ ಐತಿಹ್ಯವನ್ನು ತುಂಗೆಯ ದಡದಲ್ಲಿ ಇಂದಿಗೂ ಹೇಳುವ ಶೃಂಗೇರಿಯ ಜನಕ್ಕೆ ಇದನ್ನು ಬೇರೆ ಹೇಳಬೇಕೆ? ಉಸಿರೇ ಇಲ್ಲದಿದ್ದರೆ ಮಾತ್ರ ವಿಷಯ ಬೇರೆ. ಅದು ಹೃದಯಸ್ತಂಭನ, ಕೂಡಲೇ ಎದೆಯ ನಡುವೆ ಎರಡು ಅಂಗೈಯೂರಿ ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತತೊಡಗಬೇಕು, ಮತ್ತೊಬ್ಬರು 108ಕ್ಕೆ ಕರೆಮಾಡಬೇಕು.

ಬೀಗದ ಕೈಗೊಂಚಲನ್ನು ಅಂಗೈಯಲ್ಲಿ ತುರುಕುವುದು, ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುವುದು ಇವು ಬಹುಕಾಲದಿಂದ ಬಂದ ಪದ್ಧತಿಗಳು. ತಾನಾಗಿಯೇ ನಿಲ್ಲತಕ್ಕ ಸೆಳೆತವು ನಿಂತಾಗ ಬೀಗದ ಕೈಯ ಕಬ್ಬಿಣದಿಂದ ನಿಂತಿತೆಂದು ತೋರುವುದು ಸಹಜ. ಇವುಗಳಿಂದಾಗುವ ಹಾನಿ ಅಷ್ಟೇನೂ ದೊಡ್ಡದಲ್ಲ. ದೊಡ್ಡ ಹಾನಿಯಾಗುವುದು ಮೂರ್ಛೆಯನ್ನು ಅಪಸ್ಮಾರವೆಂದು, ಊರಿನವರ ಮಾತಿನಲ್ಲಿ ಪಿಟ್ಸ್ ಎಂದು, ತಪ್ಪಾಗಿ ತಿಳಿದಾಗ. ಮೂರ್ಛೆಯಲ್ಲಿ ಕೈಕಾಲು ಅದುರುವುದಿಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. 1994ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಬುದ್ಧಿಪೂರ್ವಕವಾಗಿ ಮೂರ್ಛೆ ಬರಿಸಿ ವೀಡಿಯೊದಲ್ಲಿ ಪರೀಕ್ಷಿಸಿದಾಗ, ಸುಮಾರು ನೂರಕ್ಕೆ ತೊಂಬತ್ತು ಮಂದಿಯಲ್ಲಿ ಅಂಗಾಂಗಗಳು ಕೆಲವು ಕ್ಷಣ ಸೆಳೆದುದು ಕಂಡುಬಂದಿತು. ಆದುದರಿಂದ ನೋಡತಕ್ಕದ್ದು ಅದುರಿತೋ ಇಲ್ಲವೋ ಎಂಬುದನ್ನಲ್ಲ, ಎಷ್ಟು ಹೊತ್ತು ಅದುರಿತು, ಮುಖದ ಬಣ್ಣ ಯಾವುದು, ಅನಂತರ ಏನಾಯಿತು ಎಂಬುದನ್ನು. ಮೂರ್ಛೆಯಲ್ಲಿ ಮುಖವು ಬಿಳಿಚಿಕೊಂಡು, ಸೆಳೆತವು ಹತ್ತು ಹದಿನೈದು ಸೆಕೆಂಡುಗಳಲ್ಲಿ ಮುಗಿದು, ಎದ್ದವನು ತಾನೆಲ್ಲಿರುವೆನೆಂಬುದನ್ನು ಕೂಡಲೇ ಬಲ್ಲನು. ಅಪಸ್ಮಾರದಲ್ಲಿ ಮುಖ ನೀಲಿಗಟ್ಟಿ, ಸೆಳೆತವು ಒಂದೆರಡು ನಿಮಿಷ ನಡೆದು, ನಾಲಗೆಯ ಅಂಚು ಕಚ್ಚಿದ ಗಾಯವಾಗಿ, ಎಚ್ಚರವಾದಮೇಲೆಯೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ಈ ವ್ಯತ್ಯಾಸವನ್ನು ಕಾಣಬಲ್ಲ ಯಂತ್ರವು ಆ ಹೊತ್ತಿಗೆ ಅಂಗಳದಲ್ಲಿರುವುದಿಲ್ಲ, ಮನುಷ್ಯರ ಕಣ್ಣುಗಳಿರುತ್ತವೆ. ಒಬ್ಬರು ಉಪಚಾರ ಮಾಡುತ್ತಿರುವಾಗ ಇನ್ನೊಬ್ಬರು ಕೈಯಲ್ಲಿನ ಮೊಬೈಲಿನಿಂದ ಚಿತ್ರೀಕರಿಸಿಕೊಂಡರೆ ಅದನ್ನು ನಿಷ್ಕರುಣೆಯೆಂದು ಬಯ್ಯಬಾರದು. ವೈದ್ಯರಿಗೆ ಅದು ಹತ್ತು ಪರೀಕ್ಷೆಗಳಿಗಿಂತ ಮಿಗಿಲು.

ತಪ್ಪು ನಿದಾನದ ಬೆಲೆ ಎಷ್ಟೆಂಬುದನ್ನು ಹೆಣ್ಣುಮಕ್ಕಳ ತಂದೆತಾಯಿಗಳು ಬಲ್ಲರು. 1976ರ ತಿದ್ದುಪಡಿಯ ತರುವಾಯ ಹಿಂದೂ ವಿವಾಹ ಕಾಯಿದೆಯು ಮರುಕಳಿಸುವ ಅಪಸ್ಮಾರವನ್ನು ವಿವಾಹಕ್ಕೆ ಅನರ್ಹತೆಯೆಂದು ಎಣಿಸುತ್ತಿದ್ದು, 1999ರಲ್ಲಿ ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದುದು ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅಪಸ್ಮಾರವಿದ್ದರೂ ಅದು ಚಿಕಿತ್ಸೆಗೆ ಒಗ್ಗುವ ಕಾಯಿಲೆಯೇ ಸರಿ. ಇಲ್ಲದ ಅಪಸ್ಮಾರಕ್ಕೆ ಹುಡುಗಿಯೊಬ್ಬಳು ವರ್ಷಗಟ್ಟಲೆ ಮಾತ್ರೆ ನುಂಗಿ, ನೆಂಟರ ಪಿಸುಮಾತಿಗೆ ಗುರಿಯಾಗುವುದು ಮಾತ್ರ ಸಹಿಸಲಾಗದ ಅನ್ಯಾಯ. ಅಂತೆಯೇ, ಮನಸ್ಸಿನ ಸಂಕಟವು ತೀವ್ರವಾದಾಗ ರಕ್ತದ ಒತ್ತಡವಾಗಲಿ ನಾಡಿಯಾಗಲಿ ಕುಗ್ಗದೆಯೇ, ಕಣ್ಣುಮುಚ್ಚಿ ಬಹಳ ಹೊತ್ತು ಎಚ್ಚರವಿಲ್ಲದಂತೆ ಬಿದ್ದಿರುವುದೂ ಉಂಟು. ಹೊಸದಾಗಿ ಮನೆಗೆ ಬಂದ ಸೊಸೆಗೆ ಹೀಗಾದರೆ ನಾಟಕವೆನ್ನುವವರೂ, ಗಾಳಿ ಸೋಕಿತೆಂದು ಮಂತ್ರವಾದಿಯನ್ನು ಕರೆಸುವವರೂ ಇದ್ದಾರೆ. ಅದು ಅವಳ ಇಚ್ಛೆಯಿಂದ ನಡೆಯುವುದಲ್ಲ, ದೆವ್ವದಿಂದ ನಡೆಯುವುದೂ ಅಲ್ಲ. ಬೇಕಾದುದು ಮನೋವೈದ್ಯರ ನೆರವು, ಮತ್ತು ಅವಳ ಮಾತನ್ನು ಕೇಳುವ ಒಂದು ಜೀವ.

ವಯಸ್ಸಾದವರ ಮೂರ್ಛೆಗೆ ನಮ್ಮ ಕಡೆ ಪ್ರಶಸ್ತವಾದ ಸ್ಥಳವೆಂದರೆ ಬಚ್ಚಲುಮನೆ. ಜಡಿಮಳೆಯ ಆಷಾಢದಲ್ಲಿ ಹಗಲೂ ರಾತ್ರಿ ಒಲೆ ಉರಿಯುತ್ತಿದ್ದು, ಹಂಡೆಯ ತುಂಬ ಕುದಿಯುವ ನೀರಿದ್ದಾಗ, ಅಜ್ಜಯ್ಯನು ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಚೆಂಬಿನಮೇಲೆ ಚೆಂಬು ಹೊಯ್ದುಕೊಂಡು, ಹಬೆಯ ನಡುವಿನಿಂದ ಥಟ್ಟನೆ ಎದ್ದು ಟವಲಿಗೆ ಕೈಚಾಚುವಷ್ಟರಲ್ಲಿ ಕಲ್ಲುಹಾಸಿನ ಮೇಲೆ ಕುಸಿಯುತ್ತಾನೆ. ಬಿಸಿನೀರಿನಿಂದ ಚರ್ಮದ ನಾಳಗಳೆಲ್ಲ ಹಿಗ್ಗಿರುವಾಗ ಎದ್ದು ನಿಂತರೆ ರಕ್ತದ ಒತ್ತಡ ಇಳಿಯುವುದು ಸ್ವಾಭಾವಿಕ, ಅದರಮೇಲೆ ಬಿ.ಪಿ. ಮಾತ್ರೆ, ಮೂತ್ರ ಹೋಗುವ ಮಾತ್ರೆ, ಪ್ರೋಸ್ಟೇಟಿನ ಮಾತ್ರೆಗಳು ಸೇರಿದರೆ ಹೇಳುವುದೇ ಬೇಡ. ಎದ್ದುನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20ರಷ್ಟು, ಕೆಳಗಿನದು 10ರಷ್ಟು ಇಳಿದರೆ ಅದನ್ನು ರೋಗಲಕ್ಷಣವೆಂದೇ ಎಣಿಸುತ್ತಾರೆ. ಆದುದರಿಂದ ಮುದುಕರ ಬಿ.ಪಿ.ಯನ್ನು ಕುಳ್ಳಿರಿಸಿ ನೋಡಿದರೆ ಸಾಲದು, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಬೇಕೆಂದು ಮನೆಯವರೇ ಕೇಳಬೇಕು, ಮತ್ತು ನುಂಗುವ ಮಾತ್ರೆಗಳೆಲ್ಲವನ್ನೂ ಚೀಲಸಹಿತ ಒಯ್ದು ತೋರಿಸಬೇಕು. ಅನೇಕ ವೇಳೆ ಒಂದು ಮಾತ್ರೆಯನ್ನು ಕಡಮೆಮಾಡುವುದೇ ಚಿಕಿತ್ಸೆಯಾಗುತ್ತದೆ. ರಾತ್ರಿ ಮೂತ್ರಕ್ಕೆಂದು ಹಾಸಿಗೆಯಿಂದೇಳುವವರು ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಅನಂತರ ಏಳುವುದೂ, ಗಂಡಸರು ಕುಳಿತೇ ಮೂತ್ರವಿಸರ್ಜನೆ ಮಾಡುವುದೂ ಲೇಸು. ಒಂದು ಎಚ್ಚರಿಕೆ: ಕಿಟಕಿಯಿಲ್ಲದ ಹೊಸ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದು ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿದರೆ ಅದು ಈ ಬಗೆಯ ಮೂರ್ಛೆಯಲ್ಲ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲದ ಕೆಲಸ. ಬಾಗಿಲೊಡೆದು ಹೊರಗಿನ ಗಾಳಿಗೆ ತಂದು, ಆಮ್ಲಜನಕವಿರುವ ಆಸ್ಪತ್ರೆಗೆ ಧಾವಿಸಬೇಕು.

ಇನ್ನು ಹೃದಯಮೂಲವಾದ ಮೂರ್ಛೆ. ಸಂಖ್ಯೆಯಲ್ಲಿ ಕಡಮೆಯಾದರೂ ಪ್ರಾಣಕ್ಕೆ ಕುತ್ತು ತರುವುದು ಇದು. ಹೃದಯದ ಬಡಿತಕ್ಕೆ ಆಜ್ಞೆ ಸಾಗಿಸುವ ತಂತುಗಳು ವಯೋಧರ್ಮದಿಂದ ಜೀರ್ಣವಾಗಿ, ಬಡಿತವು ನಿಮಿಷಕ್ಕೆ ಮೂವತ್ತು ನಲವತ್ತಕ್ಕಿಳಿದು, ನಡುನಡುವೆ ಹಲವು ಸೆಕೆಂಡು ನಿಂತೇಬಿಡುವ ಈ ರೋಗವನ್ನು ಡಬ್ಲಿನ್ನಿನ ವೈದ್ಯರಾದ ರಾಬರ್ಟ್ ಆ್ಯಡಮ್ಸ್ 1827ರಲ್ಲಿಯೂ ವಿಲಿಯಂ ಸ್ಟೋಕ್ಸ್ 1846ರಲ್ಲಿಯೂ ವರ್ಣಿಸಿದರು. ಅದಕ್ಕೆ ನಿಜವಾದ ಪರಿಹಾರ ದೊರೆತುದು 1958ರ ಅಕ್ಟೋಬರಿನಲ್ಲಿ; ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬುವನ ದೇಹದೊಳಗೆ, ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಪೇಸ್‌ಮೇಕರನ್ನು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮೊತ್ತಮೊದಲು ಅಳವಡಿಸಿದನು. ಆ ಯಂತ್ರವು ಕೆಲವೇ ಗಂಟೆ ನಡೆಯಿತು. ಆದರೂ ಮತ್ತೆ ಮತ್ತೆ ಬದಲಾದ ಯಂತ್ರಗಳ ಬಲದಿಂದ ಲಾರ್ಸನ್ 2001ರವರೆಗೆ ಬದುಕಿದನು. ಇಂದು ಮಣಿಪಾಲ, ಮಂಗಳೂರು, ಶಿವಮೊಗ್ಗಗಳಲ್ಲಿ ಪೇಸ್‌ಮೇಕರ್ ಅಳವಡಿಕೆಯು ನಿತ್ಯದ ಕೆಲಸವಾಗಿದೆ.

ಕಷ್ಟವಿರುವುದು ಅಲ್ಲಿಗೆ ತಲುಪುವುದರಲ್ಲಿ. ಶೃಂಗೇರಿಯಿಂದ ಮಣಿಪಾಲಕ್ಕೆ ಆಗುಂಬೆಯ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಮುಚ್ಚುತ್ತದೆ. ಶೃಂಗೇರಿಯ ಜನರು ತಮಗೊಂದು 100 ಹಾಸಿಗೆಗಳ ಆಸ್ಪತ್ರೆ ಬೇಕೆಂದು ಬಹುಕಾಲ ಹೋರಾಡಬೇಕಾಗಿ ಬಂದುದು ನ್ಯಾಯವಾದುದಲ್ಲ. ಈ ನಡುವೆ ನನಗೆ ತುಂಬ ಸಮಾಧಾನ ಕೊಟ್ಟಿರುವುದು, ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ನಡೆಸಿಕೊಂಡು ಬಂದಿರುವ ಕಾರ್ಯ: ಕರಾವಳಿ ಮಲೆನಾಡುಗಳ ಗ್ರಾಮೀಣ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ಗೆರೆಚಿತ್ರವನ್ನು ವಾಟ್ಸ್ಆ್ಯಪ್ ಮೂಲಕ ತಜ್ಞರು ಕೂಡಲೇ ನೋಡಿ, ಕಳುಹಿಸಬೇಕೆ ಇರಿಸಿಕೊಳ್ಳಬಹುದೆ ಎಂಬುದನ್ನು ಹಳ್ಳಿಯ ವೈದ್ಯರಿಗೆ ತಿಳಿಸುವ ವ್ಯವಸ್ಥೆ. ಮೂರ್ಛೆ ಬಂದ ಪ್ರತಿಯೊಬ್ಬನಿಗೂ ಒಂದು ಇ.ಸಿ.ಜಿ. ಆಗಲೇಬೇಕೆಂಬುದು ಸರ್ವಸಮ್ಮತ ನಿಯಮ. ಆ ಒಂದು ಕಾಗದದ ಸಲುವಾಗಿ ಇನ್ನು ಘಾಟಿ ಇಳಿಯಬೇಕಾಗಿಲ್ಲ. ಅದರಲ್ಲಿ ಕಾಣದ, ಎಂದೋ ಒಮ್ಮೆ ಬರುವ ದೋಷವನ್ನು ಹಿಡಿಯುವುದಕ್ಕೆ ಒಂದು ದಿನ ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರವೂ, ಎದೆಯ ಚರ್ಮದಡಿ ಇರಿಸಿದರೆ ಮೂರು ವರ್ಷದಷ್ಟು ಕಾಲ ಬಡಿತವನ್ನು ದಾಖಲಿಸುವ ಸಣ್ಣ ಸಾಧನವೂ ಇವೆ. ರೋಗಿಯನ್ನು ಹಲಗೆಗೆ ಕಟ್ಟಿ 60ರಿಂದ 70 ಡಿಗ್ರಿ ಓರೆಯಾಗಿ ನಿಲ್ಲಿಸಿ ನೋಡುವ, 1986ರಿಂದ ಬಳಕೆಗೆ ಬಂದ ಪರೀಕ್ಷೆಯೂ ಇದೆ.

ಹೃದಯದ ಮೂರ್ಛೆಯ ಗುರುತುಗಳು ಇವು: ಮುನ್ಸೂಚನೆಯಿಲ್ಲದೆ ಕೆಡೆಯುವುದು, ಕುಳಿತಿರುವಾಗ, ಮಲಗಿರುವಾಗ ಎಚ್ಚರ ತಪ್ಪುವುದು, ಓಡುವಾಗ, ಗುಡ್ಡ ಹತ್ತುವಾಗ, ಈಜುವಾಗ ಬೀಳುವುದು, ಬೀಳುವ ಮೊದಲು ಎದೆ ಬಡಿದುಕೊಳ್ಳುವುದು ಅಥವಾ ಎದೆನೋವು, ಮನೆತನದಲ್ಲಿ ಎಳೆಯ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡ ಚರಿತ್ರೆ. ಆಟದ ಓಟದ ನಡುವೆ ಕುಸಿದ ಹುಡುಗನನ್ನು ಬಿಸಿಲಿಗೆ ಹಾಗಾಯಿತೆಂದು ಮನೆಗೆ ಕಳುಹಿಸುವ ಮಾಸ್ತರರು ಇದನ್ನು ಅವಶ್ಯವಾಗಿ ಅರಿಯಬೇಕು. ಹೃದಯಕ್ಕೆ ಸಂಬಂಧಿಸದ ಅಪಾಯದ ಗುರುತುಗಳೂ ಉಂಟು. ಮುಟ್ಟು ತಪ್ಪಿದ ಹೆಂಗಸು ಹೊಟ್ಟೆನೋವಿನೊಡನೆ ಎಚ್ಚರ ತಪ್ಪಿದರೆ ಗರ್ಭಕೋಶದ ಹೊರಗೆ ಗರ್ಭ ನಿಂತು ಒಳಗೆ ರಕ್ತ ಸೋರುತ್ತಿರಬಹುದು. ಮಲವು ಡಾಂಬರಿನಂತೆ ಕಪ್ಪಾಗಿದ್ದರೆ ಜಠರದಲ್ಲಿ ರಕ್ತಸ್ರಾವವಿರಬಹುದು. ಬೇಸಗೆಯಲ್ಲಿ ಕಾಡಿಗೆ ಹೋಗಿಬಂದವನಿಗೆ ಜ್ವರ, ಮೈಕೈನೋವುಗಳೊಡನೆ ತಲೆಸುತ್ತು ಬಂದರೆ, 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಲಾದ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳನ್ನೂ ಕಾಡುತ್ತಿರುವ ಮಂಗನ ಕಾಯಿಲೆಯನ್ನು ಮರೆಯಬಾರದು.

ನಿರಪಾಯಕರವಾದ ಮೂರ್ಛೆಗೆ ಔಷಧವು ಕ್ವಚಿತ್ತಾಗಿ ಬೇಕಾಗುತ್ತದೆ. ಮುನ್ಸೂಚನೆ ತೋರಿದೊಡನೆ ಮಲಗುವುದು ಸರ್ವೋತ್ತಮ. ಮಲಗಲಾರದ ಸಭೆಯಲ್ಲಿ ಕಾಲಿಗೆ ಕಾಲು ಹೆಣೆದು ತೊಡೆಗಳನ್ನು ಬಿಗಿಯಾಗಿ ಒತ್ತುವುದು, ಎರಡು ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಸೇರಿಸಿ ಬಲವಾಗಿ ಎಳೆಯುವುದು ಮುಂತಾದುವುಗಳಿಂದ ಸೆಕೆಂಡುಗಳಲ್ಲಿ ಒತ್ತಡವೇರಿ ಅನೇಕ ವೇಳೆ ಮೂರ್ಛೆ ತಪ್ಪುವುದೆಂಬುದು 2006ರಲ್ಲಿ ಪ್ರಕಟವಾದ ಪ್ರಯೋಗದಿಂದ ಸಿದ್ಧವಾಗಿದೆ. ಬಿ.ಪಿ., ಹೃದಯ, ಮೂತ್ರಪಿಂಡಗಳ ಕಾಯಿಲೆ ಇಲ್ಲದವರು ದಿನಕ್ಕೆ ಎರಡು ಲೀಟರಿಗೆ ಕಡಮೆಯಾಗದಂತೆ ನೀರು ಕುಡಿದು, ಬೆಳಗಿನ ಗಂಜಿಗೆ ಉಪ್ಪನ್ನೂ ಉಪ್ಪಿನಕಾಯಿಯನ್ನೂ ಧಾರಾಳವಾಗಿ ಸೇರಿಸಿಕೊಳ್ಳಬಹುದು. ಇಷ್ಟಕ್ಕೂ ನಿಲ್ಲದವರಿಗೆ ಮಿಡೊಡ್ರಿನ್, ಫ್ಲೂಡ್ರೊಕಾರ್ಟಿಸೋನ್ ಎಂಬ ಮಾತ್ರೆಗಳನ್ನು ವೈದ್ಯರು ಯೋಚಿಸಿ ಕೊಡುತ್ತಾರೆ.

ಕೊನೆಯದಾಗಿ, ಕೊಪ್ಪ ನರಸಿಂಹರಾಜಪುರಗಳ ತೋಟದ ಮನೆಗಳಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದುಂಟು: ಅಡಕೆಯ ಕೊನೆ ಕೊಯ್ಯುವ ಕೊನೆಗಾರನು ಒಮ್ಮೆ ಎಚ್ಚರ ತಪ್ಪಿದಮೇಲೆ ಮತ್ತೆ ಮರ ಹತ್ತಬಹುದೆ? ಸೂಜಿಗೆ ಹೆದರಿಯೋ, ಉಪವಾಸದಲ್ಲಿ ನಿಂತೋ ಬಿದ್ದವನಿಗೆ, ಕಾರಣ ಸ್ಪಷ್ಟವಾಗಿ ಇ.ಸಿ.ಜಿ. ಸರಿಯಾಗಿದ್ದರೆ, ವೈದ್ಯರು ಸಾಮಾನ್ಯವಾಗಿ ತಡೆಯುವುದಿಲ್ಲ. ಖಾಲಿಹೊಟ್ಟೆಯಲ್ಲಿ ಹತ್ತಬಾರದೆಂದೂ, ಸೊಂಟಕ್ಕೆ ಹಗ್ಗ ಬಿಗಿದಲ್ಲದೆ ಹತ್ತಬಾರದೆಂದೂ ಹೇಳುತ್ತಾರೆ. ಮುನ್ಸೂಚನೆಯೇ ಇಲ್ಲದೆ ಬಿದ್ದವನು ಮಾತ್ರ ಕಾರಣ ತಿಳಿದು ಚಿಕಿತ್ಸೆಯಾಗುವವರೆಗೆ ಮರವನ್ನಾಗಲಿ, ವಾಹನದ ಚಕ್ರವನ್ನಾಗಲಿ ಮುಟ್ಟಲಾಗದು. ಅವನ ಕೂಲಿಯೂ ಅದರ ಜೊತೆಗೇ ನಿಲ್ಲುವುದರಿಂದ, ಎಷ್ಟೋ ಮಂದಿ ಬಿದ್ದುದನ್ನೇ ಮುಚ್ಚಿಡುತ್ತಾರೆ. ಈಚೆಗೆ ನೆಲದಮೇಲೆ ನಿಂತೇ ಕೊನೆ ಕೊಯ್ಯುವುದಕ್ಕೂ ಕೊಳೆರೋಗಕ್ಕೆ ಔಷಧಿ ಹೊಡೆಯುವುದಕ್ಕೂ ಅನುಕೂಲವಾದ ಹಗುರವಾದ ಫೈಬರ್ ದೋಟಿಗಳು ತೋಟಗಳಿಗೆ ಬಂದಿದ್ದು, ಅವುಗಳನ್ನು ಬಳಸುವ ತರಬೇತಿಯೂ ನಡೆಯುತ್ತಿದೆ. ಹಣ್ಣಾದ ಕೊನೆಯನ್ನು ಬಣ್ಣದಿಂದಲೇ ಗುರುತಿಸಬಲ್ಲ ಕಣ್ಣು ಹತ್ತಿ ಇಳಿದ ಅನುಭವದಿಂದ ಬಂದುದಾದುದರಿಂದ, ದೋಟಿ ಹಿಡಿಯುವುದಕ್ಕೆ ಹಳೆಯ ಕೊನೆಗಾರನೇ ಎಲ್ಲರಿಗಿಂತ ಯೋಗ್ಯನು. ತೋಟದ ಯಜಮಾನರು ದೋಟಿಯನ್ನು ತರಿಸಿ ಮೊದಲು ಅವನ ಕೈಗೇ ಕೊಟ್ಟರೆ, ಅವನು ತಾನು ಬಿದ್ದುದನ್ನು ಹೆದರದೆ ಹೇಳಿಯಾನು.